‘ನಿಯಂತ್ರಿಸು’ ಅಂದರೆ ತಡೆಯುವುದಾ? ಹಾರ್ಮೋನಿಗೆ ‘ಹದ’ ಹೊಂದುತ್ತದೆಯೇ?

ಗೆಳೆಯರೆ, ನಮಸ್ಕಾರ.

ಪಿಯುಸಿ ಓದುವ ಅಕ್ಕನ ಮಗನಿಗೆ ಮೊನ್ನೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ‘ಹಾರ್ಮೋನುಗಳು ವೃಷಣದ ಜೀವಕೋಶಗಳ ಕೆಲಸವನ್ನು ನಿಯಂತ್ರಿಸುತ್ತವೆ’ ಅಂತ ಬರೆಸಿದೆ. ಅವನು ಪೆನ್ನು ನಿಲ್ಲಿಸಿ ಕೇಳಿದ: “ಹಾಗಾದ್ರೆ ಹಾರ್ಮೋನು ಜಾಸ್ತಿ ಬಂದ್ರೆ ಕೆಲಸ ಕಡಿಮೆ ಆಗುತ್ತಾ, ಮಾಮ?”

ಅವನದೇನೂ ತಪ್ಪಿಲ್ಲ. ಸೊಳ್ಳೆ ನಿಯಂತ್ರಣ, ಬೆಲೆ ನಿಯಂತ್ರಣ, ಜನಸಂಖ್ಯಾ ನಿಯಂತ್ರಣ. ಎಲ್ಲೆಲ್ಲೂ ಈ ಪದಕ್ಕೆ ತಡೆ, ತಗ್ಗಿಸು ಅನ್ನುವ ಅರ್ಥವೇ ಅಂಟಿಕೊಂಡಿದೆ. ವೃಷಣದಲ್ಲಿ ನಡೆಯುವುದು ಬೇರೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನು ರಕ್ತಕ್ಕೆ ಬರುತ್ತವೆ. ಒಂದು ಎಲ್‌ಎಚ್, ಇನ್ನೊಂದು ಎಫ್‌ಎಸ್‌ಎಚ್. ಎಲ್‌ಎಚ್ ಹೋಗಿ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನು ಮಾಡಿಸುತ್ತದೆ. ಎಫ್‌ಎಸ್‌ಎಚ್ ಅಲ್ಲಿಯದೇ ಸರ್ಟೋಲಿ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಬೆಳೆಯುವ ವೀರ್ಯಾಣುಗಳನ್ನು ಸುಮಾರು 74 ದಿನ ಮೈಗೆ ಅಂಟಿಸಿಕೊಂಡು ಸಾಕುವವು ಈ ಸರ್ಟೋಲಿ ಕೋಶಗಳೇ. ಟೆಸ್ಟೋಸ್ಟೆರಾನ್ ಸಾಕಷ್ಟಾಯಿತು ಅಂದರೆ ಅದೇ ಮೇಲೆ ಮಿದುಳು, ಪಿಟ್ಯುಟರಿಗೆ ಹೋಗಿ ಎಲ್‌ಎಚ್ ಇಳಿಸುತ್ತದೆ. ಸರ್ಟೋಲಿ ಕೋಶಗಳು ಇನ್ಹಿಬಿನ್ ಅನ್ನುವ ಹಾರ್ಮೋನು ಬಿಟ್ಟು ಎಫ್‌ಎಸ್‌ಎಚ್ ಇಳಿಸುತ್ತವೆ. ಟೆಸ್ಟೋಸ್ಟೆರಾನ್, ಇನ್ಹಿಬಿನ್ ಕಡಿಮೆಯಾದರೆ ಎಲ್‌ಎಚ್, ಎಫ್‌ಎಸ್‌ಎಚ್ ಮತ್ತೆ ಏರುತ್ತವೆ.

ಇದನ್ನು ಅವನಿಗೆ ಹೇಳುವಾಗ ನನ್ನ ಬಾಯಿಗೆ ತಾನಾಗಿ ಬಂದ ಪದ ‘ಹದ’. ಅಮ್ಮ ಬೆಲ್ಲದ ಪಾಕ ಮಾಡುವಾಗ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಉರಿ ತಗ್ಗಿಸುತ್ತಾರೆ, ಕರಗಿ ಹೋದರೆ ಇನ್ನಷ್ಟು ಕಾಯಿಸುತ್ತಾರೆ. ಏರಿಸುವುದು, ಇಳಿಸುವುದು, ನೋಡಿ ತಿದ್ದುವುದು ಎಲ್ಲವೂ ‘ಹದ’ದಲ್ಲಿದೆ, ಅಲ್ವಾ?

ಸಮಯದ ಹದವೂ ಇಲ್ಲಿ ದೊಡ್ಡದು. ಪಿಟ್ಯುಟರಿಯನ್ನು ಎಬ್ಬಿಸುವ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನು ಮಿದುಳಿನಿಂದ ಬಿಟ್ಟು ಬಿಟ್ಟು ಬಂದರೆ ಮಾತ್ರ ಕೆಲಸ ಸಾಗುತ್ತದೆ. ಅದನ್ನೇ ಎಡೆಬಿಡದೆ ಕೊಟ್ಟರೆ ಮೊದಲು ಸ್ವಲ್ಪ ಏರಿ, ಆಮೇಲೆ ಟೆಸ್ಟೋಸ್ಟೆರಾನ್ ಬಿದ್ದೇ ಹೋಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದೇ ಗುಣವನ್ನು ಬಳಸುತ್ತಾರೆ. ಹದ ತಪ್ಪಿದ್ದಕ್ಕೆ ಇನ್ನೊಂದು ಉದಾಹರಣೆ, ಮೈ ಬೆಳೆಸಲು ಸುಮ್ನೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರು. ಹೊರಗಿನಿಂದ ಬಂದದ್ದನ್ನು ಕಂಡು ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಜಾಸ್ತಿ, ವೃಷಣದ ಒಳಗೆ ಕಡಿಮೆ. ವೀರ್ಯಾಣು ಹುಟ್ಟುವುದೇ ನಿಲ್ಲಬಹುದು. ಇದು ಆ ಹುಡುಗರಿಗೆ ತಿಳಿಯಲೇಬೇಕು. ಅದಕ್ಕೇ ಪದ ಸರಿ ಇರಲಿ ಅಂತ ನನ್ನ ಹಟ.

ತೊಡಕು ಇಷ್ಟು. ‘ಹದ ಮಾಡು’ ಅಂದರೆ ಚರ್ಮ ಹದ ಮಾಡುವುದೂ ಆಗುತ್ತದೆ, ಹೊಲ ಹದ ಮಾಡುವುದೂ ಆಗುತ್ತದೆ. ‘ಹದದಲ್ಲಿಡು’ ನನಗೆ ಹಿಡಿಸಿದೆ: ‘ಹಾರ್ಮೋನುಗಳು ಈ ಕೋಶಗಳ ಕೆಲಸವನ್ನು ಹದದಲ್ಲಿಡುತ್ತವೆ.’ ಆದರೆ ‘ನಿಯಂತ್ರಕ’ ಅನ್ನುವ ಹೆಸರುಪದಕ್ಕೆ ಏನು ಹೇಳುವುದು? ‘ಹದಗಾರ’ ಅಂದರೆ ಕಿವಿಗೆ ಒಗ್ಗುತ್ತದೆಯೇ?

ಇನ್ನೊಂದು. ಎಫ್‌ಎಸ್‌ಎಚ್ ಅಂದರೆ ಫಾಲಿಕಲ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್. ಅದನ್ನು ‘ಕೋಶಕ ಪ್ರಚೋದಕ’ ಅಂತ ಕನ್ನಡಿಸಿದರೆ, ಆ ಕೋಶಕ (ಫಾಲಿಕಲ್, ಅಂದರೆ ಅಂಡಾಣು ಬೆಳೆಯುವ ಚೀಲ) ಇರುವುದು ಹೆಂಗಸರ ಅಂಡಾಶಯದಲ್ಲಿ. ವೃಷಣದಲ್ಲಿ ಅದು ಇಲ್ಲವೇ ಇಲ್ಲ. ಜೊತೆಗೆ ‘ಕೋಶ’, ‘ಕೋಶಕ’ ಕಲಸಿಹೋಗುತ್ತವೆ. ಎಫ್‌ಎಸ್‌ಎಚ್ ಅಂತಲೇ ಬಿಡುವುದು ಲೇಸು ಅಂತ ನನಗನ್ನಿಸುತ್ತದೆ. ಪಾಠ ಮಾಡುವವರು, ದನದ ಡಾಕ್ಟರುಗಳು ತರಗತಿಯಲ್ಲಿ, ಹಳ್ಳಿಯಲ್ಲಿ ಏನು ಹೇಳುತ್ತೀರಿ? ತಿಳಿಸಿ.