ಅಪ್‌ಡೇಟ್: ಎಥನಾಲ್ ಹಾಕಿದಾಗ ಪ್ರೆಶರ್ ಏರುತ್ತಿದ್ದ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲ್, ಕೆಫೀನ್ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ (ದ್ರವವನ್ನು ಪಂಪ್‌ನಿಂದ ಕಾಲಂ ಎಂಬ ಸಣ್ಣ ಕಣ ತುಂಬಿದ ಕೊಳವೆಯೊಳಗೆ ತಳ್ಳಿ, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ವಿಷಕಾರಿ ದ್ರಾವಕ ಅಸಿಟೋನೈಟ್ರೈಲ್ ಬಿಟ್ಟು ಎಥನಾಲ್ ಹಾಕಿದರೆ ಪ್ರೆಶರ್ ಏರಿ ಪಂಪ್ ನಿಲ್ಲುತ್ತದೆ ಎಂದು. ಈಗ ಸರಿಹೋಗಿದೆ!

ಕೆಲಸಕ್ಕೆ ಬಂದಿದ್ದು ಕಾಲಂ ಬಿಸಿ ಮಾಡುವ ಸಲಹೆ. 25 ಡಿಗ್ರಿಯಿಂದ 50ಕ್ಕೆ ಏರಿಸಿದೆ, ಪ್ರೆಶರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ನನಗೆ ಗೊತ್ತೇ ಇರದ ಸಂಗತಿ ಏನೆಂದರೆ, ನೀರು ಮತ್ತು ಎಥನಾಲ್ ಬೆರೆತರೆ ಆ ಮಿಶ್ರಣ ಎರಡಕ್ಕಿಂತಲೂ ಮಂದ, ಅಂದರೆ ಸುಲಭವಾಗಿ ಹರಿಯದು, ತಳ್ಳಲು ಹೆಚ್ಚು ಪ್ರೆಶರ್ ಬೇಕು; ಬಿಸಿ ಮಾಡಿದರೆ ತೆಳುವಾಗುತ್ತದೆ. ಅರ್ಧಕ್ಕರ್ಧ ಇರುವಾಗ ಮಂದ ಜಾಸ್ತಿ. ಗ್ರೇಡಿಯೆಂಟ್ (ಪರೀಕ್ಷೆ ಸಾಗಿದಂತೆ ನೀರಿಗೆ ಎಥನಾಲ್ ಪಾಲು ಏರಿಸುತ್ತ ಹೋಗುವುದು) ನಡುವೆಯೇ ಪಂಪ್ ನಿಲ್ಲುತ್ತಿದ್ದುದು ಅದಕ್ಕೇ.

ಹರಿವು ಕಡಿಮೆ ಮಾಡಿಯೂ ನೋಡಿದೆ. ಪ್ರೆಶರ್ ಇಳಿಯಿತು, ಆದರೆ ಒಂದೊಂದು ರನ್ನೂ ತುಂಬಾ ಹೊತ್ತು ಹಿಡಿಯಿತು. ಎಥನಾಲ್ ಬದಲು ಮೆಥನಾಲ್ ಹಾಕುವುದು ಬೇಡ ಅನ್ನಿಸಿತು, ಅದೂ ವಿಷವೇ ಅಲ್ವಾ?

ಎಥನಾಲ್ 210 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಹೀರಿ, ಬೆಳಕಿನಿಂದ ಮಾಡುವ ಅಳತೆಗೆ ಅಡ್ಡಬರುತ್ತದೆ ಎಂದು ಒಬ್ಬರು ಎಚ್ಚರಿಸಿದ್ದರು. ನಿಜ, ಆದರೆ ಕೆಫೀನ್ ಅಳೆಯುವುದು 273ರಲ್ಲಿ, ಹಾಗಾಗಿ ತೊಂದರೆಯಾಗಲಿಲ್ಲ.

ಮುಂದೆ ದ್ರಾವಕ ಉಳಿಸಲು 4.6 ಮಿಲಿಮೀಟರ್ ಒಳವ್ಯಾಸದ ಕಾಲಂ ಬದಲು 2.1ರದ್ದು ಹಾಕುತ್ತೇನೆ. ನಿಮಿಷಕ್ಕೆ 1 ಮಿಲಿಲೀಟರ್ ಬೇಕಿದ್ದಲ್ಲಿ 0.2 ಸಾಕು.