ಗುಮ್ಮಟನಗರಿಯೋ, ಗೊಮ್ಮಟನಗರಿಯೋ?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಮ್ಮ ಹಳೇ ಬ್ಯಾಚಿನವರು ಸೇರುತ್ತಿದ್ದೇವೆ. ಸ್ಟೇಷನ್ ಹತ್ತಿರ ಹಾಕೋ ಫ್ಲೆಕ್ಸಿಗೆ ಅಂಗಡಿಯವನು 'ಗೊಮ್ಮಟ ನಗರಿಗೆ ಸ್ವಾಗತ' ಎಂದು ಟೈಪ್ ಮಾಡಿದ್ದಾನೆ. 'ಗುಮ್ಮಟ' ಅಲ್ವಾ ಅಂದರೆ ಎರಡೂ ಒಂದೇ ಅಂತಾನೆ. ನಾಳೆ ಬೆಳಿಗ್ಗೆ ಪ್ರಿಂಟ್. ಯಾವುದು ಸರಿ? ಕೂಡಿಸಿ ಬರೆಯಬೇಕಾ, ಬಿಡಿಸಿಯಾ? ಗೋಳಗುಮ್ಮಟದ ಒಳಗೆ ಕೂಗಿದರೆ ಗುಂ ಅನ್ನುತ್ತೆ, ಅದಕ್ಕೇ ಗುಮ್ಮಟ ಅಂತ ನಮ್ಮಜ್ಜ ಹೇಳುತ್ತಿದ್ದರು. ಅದು ನಿಜವಾ?

*

ಎರಡೂ ಬೇಡ. ಗುಮ್ಮಟ ಪಾರಸಿ, ನಗರಿ ಸಂಸ್ಕೃತ. ಹೀಗೆ ಬೇರೆ ಬೇರೆ ಭಾಷೆಯ ಪದ ಕೂಡಿಸಿದರೆ ಅರಿಸಮಾಸ, ಅದು ತಪ್ಪು. 'ಗುಮ್ಮಟದೂರು' ಎಂದು ಹಾಕಿ. ನಮ್ಮದೇ 'ಊರು' ಇರುವಾಗ ಇನ್ನೊಂದು ಎರವಲು ಯಾಕೆ?

*

ನಾನು ಇದೇ ಊರಿನವಳು. ಗುಮ್ಮಟದೂರು ಅಂತ ಇವತ್ತಿನವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ಪಾರಸಿಯ 'ಗುಂಬದ್' ನಮ್ಮಲ್ಲಿ ಗುಮ್ಮಟ ಆಯಿತು, ಮರಾಠಿಯಲ್ಲಿ ಘುಮಟ್ ಆಯಿತು. 'ಮ್ಬ' ಹೋಗಿ 'ಮ್ಮ' ಬಂದಿದೆ, 'ದ್' ಹೋಗಿ 'ಟ' ಬಂದಿದೆ, ಅಷ್ಟೇ. ಗುಂ ಅನ್ನೋ ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ಅಜ್ಜನ ಮಾತು ಕೇಳಲು ಚೆಂದ. ಆದರೆ ದರ್ಗಾದ ಮೇಲಿನ ಪುಟ್ಟ ಗುಮ್ಮಟಕ್ಕೂ ಅದೇ ಹೆಸರು, ಅಲ್ಲಿ ಯಾರು ಹೋಗಿ ಕೂಗುತ್ತಾರೆ?

ಗೊಮ್ಮಟ ಬೇರೆಯೇ ಪದ. ಶ್ರವಣಬೆಳಗೊಳದ ಗೊಮ್ಮಟ ಹತ್ತನೇ ಶತಮಾನದ ಮೂರ್ತಿ. ನಮ್ಮ ಗೋಳಗುಮ್ಮಟ ಮೊಹಮ್ಮದ್ ಆದಿಲ್ ಶಾಹನ ಗೋರಿ, ಮುಗಿದದ್ದು 1656ರಲ್ಲಿ. ಫ್ಲೆಕ್ಸಿನಲ್ಲಿ 'ಗೊ' ಹಾಕಿದರೆ ಬಾಹುಬಲಿಯನ್ನು ಇಲ್ಲಿಗೆ ತಂದು ನಿಲ್ಲಿಸಿದ ಹಾಗೆ.

ಇನ್ನು ಅರಿಸಮಾಸ. 'ಗೋಳ' ಸಂಸ್ಕೃತ, 'ಗುಮ್ಮಟ' ಪಾರಸಿ. ಹಾಗಾದರೆ ಗೋಳಗುಮ್ಮಟದ ಹೆಸರನ್ನೂ ತಿದ್ದುತ್ತೀರಾ? ದಾವಣಗೆರೆಯನ್ನು ಬೆಣ್ಣೆನಗರಿ ಅಂತಾರೆ, ಬೆಳಗಾವಿಯನ್ನು ಕುಂದಾನಗರಿ ಅಂತಾರೆ. ಬೆಣ್ಣೆ ಅಪ್ಪಟ ಕನ್ನಡ, ನಗರಿ ಸಂಸ್ಕೃತ. ಯಾರಿಗೂ ತೊಂದರೆ ಆಗಿಲ್ಲ.

*

ಎಲ್ಲರೂ ತಪ್ಪು ಮಾಡಿದರೆ ಅದು ಸರಿ ಆಗಲ್ಲ. ಹೀಗೇ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಕನ್ನಡ ಎಷ್ಟು ಉಳಿಯುತ್ತೆ?

*

ಗುಮ್ಮಟಕ್ಕೆ ನಿಮ್ಮ ಕನ್ನಡ ಪದ ಯಾವುದು, ಹೇಳಿ. 'ಗುಮ್ಮಟದೂರು' ಅಂತ ನೀವೇ ಬರೆದಿರಿ, ಅದರಲ್ಲೂ ಗುಮ್ಮಟ ಹಾಗೇ ಇದೆ. ಅದು ಬೇಡವಾದ ಪದ ಆಗಿದ್ದರೆ ನಮ್ಮ ಹಳ್ಳಿಯ ಅಜ್ಜಿಯರೂ ಸಲೀಸಾಗಿ ಅನ್ನುತ್ತಿರಲಿಲ್ಲ. ಬಂದ ಪದವನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದೇವೆ. ಅದು ಕನ್ನಡದ ಕೆಲಸವೇ.

ಫ್ಲೆಕ್ಸಿನವರೇ, 'ಗುಮ್ಮಟನಗರಿಗೆ ಸ್ವಾಗತ'. ಕೂಡಿಸಿಯೇ ಬರೆಯಿಸಿ. ಪ್ರೂಫ್ ನೋಡದೆ ಪ್ರಿಂಟ್ ಹಾಕಿಸಬೇಡಿ.