ಮಳೆಗಾಲದ ನಲ್ಲಿ ನೀರು: ಏನು ಟೆಸ್ಟ್ ಮಾಡಿಸಬೇಕು, ಎಲ್ಲಿ?

ವಿನೋಬನಗರದವಳು
ನಮ್ಮದು ಶಿವಮೊಗ್ಗ. ಆರಿದ್ರಾ ಮಳೆ ಹಿಡಿದಾಗಿನಿಂದ ನಲ್ಲಿ ನೀರು ಕೆಂಪಗೆ ಬರ್ತಿದೆ. ನಿನ್ನೆ ಫಿಲ್ಟರ್ ಮಾರುವ ಹುಡುಗ ಬಂದಿದ್ದ. ನಮ್ಮ ನೀರಿಗೆ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟ. ನೋಡನೋಡುತ್ತಾ ಲೋಟದ ತುಂಬಾ ಕಂದು ಬಗ್ಗಡ, ಮೇಲೆ ನೊರೆ. ಅವನು ತಂದ ಆರ್‌ಓ ನೀರು ಮಾತ್ರ ತಿಳಿಯಾಗೇ ಇತ್ತು. ಅತ್ತೆ ಆಗಿನಿಂದ ನಲ್ಲಿ ನೀರು ಮುಟ್ಟುತ್ತಿಲ್ಲ. ಆದರೆ ಅವನದೇ ಟಿಡಿಎಸ್ ಮೀಟರ್ ನಮ್ಮ ನೀರಿಗೆ ಎರಡಂಕಿ ತೋರಿಸಿತು. ಅಂದರೆ ಒಳ್ಳೆಯದು ಅಲ್ವಾ? ಯಾವುದನ್ನು ನಂಬೋದು?

ಕೊಪ್ಪದ ಹುಡುಗ
ಅಬ್ಬಿ ನೀರು ಕುಡಿದೇ ಬೆಳೆದವರು ನಾವು, ಏನೂ ಆಗಿಲ್ಲ. ಕುದಿಸಿ ಕುಡೀರಿ ಅಕ್ಕ. ಟೆಸ್ಟು ಗಿಸ್ಟು ಸುಮ್ನೆ ಖರ್ಚು.

ಹಳೇ ಲ್ಯಾಬಿನವ
ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕುದಿಸಿ ಅನ್ನೋದು ಸರಿ, ಇವತ್ತಿನಿಂದಲೇ ಮಾಡಿ. ಟೆಸ್ಟ್ ಬೇಡ ಅನ್ನೋದನ್ನು ಒಪ್ಪಲ್ಲ.

ಮೊದಲು ಆ ಕಡ್ಡಿ ಆಟ. ಒಂದು ಕಡ್ಡಿ ಕಬ್ಬಿಣದ್ದು. ಕರೆಂಟ್ ಹರಿದಾಗ ಅದೇ ಕರಗಿ ತುಕ್ಕಾಗಿ ಬರುತ್ತದೆ. ಕರೆಂಟ್ ಹರಿಯಲು ನೀರಿನಲ್ಲಿ ಲವಣ ಬೇಕು, ಆರ್‌ಓ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹುಡುಗ ಮತ್ತೆ ಬಂದರೆ ಅವನ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ತೋರಿಸಲು ಹೇಳಿ. ಮುಖ ನೋಡುವ ಹಾಗಿರುತ್ತದೆ.

ಟಿಡಿಎಸ್ ಮೀಟರ್ ಸುಳ್ಳು ಹೇಳುತ್ತಿಲ್ಲ, ಆದರೆ ಅದಕ್ಕೆ ಗೊತ್ತಿರುವುದು ಕರಗಿದ ಲವಣದ ಲೆಕ್ಕ ಮಾತ್ರ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಯಾವ ತಕರಾರೂ ಇಲ್ಲ. ಎರಡಂಕಿಯ ನೀರಿಗೆ ಆರ್‌ಓ ಹಾಕಿಸುವುದು ದುಡ್ಡು ದಂಡ, ನೀರೂ ದಂಡ. ಆದರೆ ಚರಂಡಿಯ ರೋಗಾಣು ಸೇರಿದ್ದರೂ ಆ ಮೀಟರ್ ಅದೇ ಎರಡಂಕಿ ತೋರಿಸಬಹುದು!

ಈ ಕೆಂಪು ಏನಂದರೆ, ಶೃಂಗೇರಿ, ತೀರ್ಥಹಳ್ಳಿ ಕಡೆ ರಾತ್ರಿ ಮಳೆ ಹೊಡೆದರೆ ನಿಮ್ಮ ನಲ್ಲಿಗೆ ನೀರು ಕೊಡುವ ತುಂಗೆಗೆ ಮಣ್ಣು ಸೇರಿ ಬಣ್ಣವೇ ಬದಲಾಗುತ್ತದೆ. ಲ್ಯಾಬಿನಲ್ಲಿ ನಾವು ಆ ನೀರು ತುಂಬಿದ ಬೀಕರ್ ಸಾಲಾಗಿ ಇಟ್ಟು, ಮಣ್ಣು ಇಳಿಸಲು ಒಂದೊಂದಕ್ಕೆ ಒಂದೊಂದು ಅಳತೆ ಆಲಂ (ಪಟಿಕ) ಹಾಕುತ್ತಿದ್ದೆವು. ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ತಿರುಗಿಸಬೇಕು. ಯಾವ ಬೀಕರಿನಲ್ಲಿ ಮಣ್ಣು ಹಿಂಜಿದ ಹತ್ತಿಯ ಹಾಗೆ ಗಂಟುಗಟ್ಟಿ ಚೆನ್ನಾಗಿ ಇಳಿಯುತ್ತದೋ ಅದೇ ಆ ಹೊತ್ತಿನ ಅಳತೆ. ಮಳೆಗಾಲದಲ್ಲಿ ಬೆಳಿಗ್ಗೆಯ ಅಳತೆ ಸಂಜೆಗೆ ಸಾಲದೇ ಹೋಗಬಹುದು. ನಲ್ಲಿಗೆ ಬರುವ ನೀರಿನ ಕಲಕು 1 ಎನ್‌ಟಿಯು (ಕಲಕು ಅಳೆಯುವ ಮಾನ) ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ. ಮಣ್ಣು ಜಾಸ್ತಿಯಾದರೆ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತದೆ, ರೋಗಾಣು ಮಣ್ಣಿನ ಮರೆಯಲ್ಲಿ ಉಳಿದುಕೊಳ್ಳುತ್ತದೆ.

ಹಾಗಾಗಿ ನೀವು ನೋಡಬೇಕಾದದ್ದು ಉಳಿಕೆ ಕ್ಲೋರಿನ್, ಅಂದರೆ ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್. ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ಲೈನಿನ ಕೊನೇ ಮನೆಯಲ್ಲಿ ನೋಡುವ ಪದ್ಧತಿ ಅದಕ್ಕೇ. ಅಲ್ಲಿ ಇದ್ದರೆ ಹಿಂದಿನವರಿಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎರಡು ಬೀದಿ ಮಧ್ಯೆ ಇದ್ದಕ್ಕಿದ್ದಂತೆ ಮಾಯವಾದರೆ ಅಲ್ಲೆಲ್ಲೋ ಪೈಪ್ ಒಡೆದಿರಬಹುದು. ನೀರು ನಿಂತಾಗ ಪೈಪ್ ಸುತ್ತಲಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಕ್ಲೋರಿನ್ ನೋಡುವ ಕಿಟ್ ಅಂಗಡಿಯಲ್ಲೂ ಆನ್‌ಲೈನಲ್ಲೂ ಸಿಗುತ್ತದೆ. ಡಿಪಿಡಿ ಎನ್ನುವ ರಾಸಾಯನಿಕದ ಕಿಟ್ ಆದರೆ, ಕ್ಲೋರಿನ್ ಇದ್ದಾಗ ಗುಲಾಬಿ ಬಣ್ಣ ಬರುತ್ತದೆ. ನೀರನ್ನು ಲ್ಯಾಬಿಗೆ ಒಯ್ಯುವಷ್ಟರಲ್ಲಿ ಕ್ಲೋರಿನ್ ಹಾರಿಹೋಗುತ್ತದೆ, ನಲ್ಲಿ ಮುಂದೆಯೇ ನೋಡಿ.

ಬೀದಿ ಪೈಪಿನಿಂದ ನೇರ ಬರುವ ನಲ್ಲಿಯಲ್ಲಿ ಒಮ್ಮೆ, ಅಡುಗೆಮನೆ ನಲ್ಲಿಯಲ್ಲಿ ಒಮ್ಮೆ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲವಾದರೆ ನಗರಪಾಲಿಕೆಗೆ ಫೋನ್ ಮಾಡುವ ಮೊದಲು ಸಂಪಿನ ಮುಚ್ಚಳ ತೆಗೆಯಿರಿ. ತೊಳೆದು ಎಷ್ಟು ವರ್ಷ ಆಯ್ತು?

ವಿನೋಬನಗರದವಳು
ಸರ್, ಸಂಪಿನ ವಿಷಯ ಕೇಳಬೇಡಿ 🙏 ರೋಗಾಣು ಟೆಸ್ಟಿಗೆ ಬಿಸ್ಲೇರಿ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಆಗುತ್ತಾ?

ಹಳೇ ಲ್ಯಾಬಿನವ
ಆಗಲ್ಲಮ್ಮ. ಸ್ಟೆರೈಲ್ ಬಾಟಲಿ ಲ್ಯಾಬಿನವರೇ ಕೊಡುತ್ತಾರೆ. ಅದರಲ್ಲಿ ಕ್ಲೋರಿನ್ ಕೆಲಸ ನಿಲ್ಲಿಸಲು ಥಯೋಸಲ್ಫೇಟ್ ಇರುತ್ತದೆ, ತೊಳೆಯಬೇಡಿ. ನಲ್ಲಿ ಬಾಯಿ ಒರೆಸಿ, ಲೋಹದ್ದಾದರೆ ಬೆಂಕಿ ತೋರಿಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಹಿಡಿಯಿರಿ. ಮೇಲೆ ಸ್ವಲ್ಪ ಜಾಗ ಇರಲಿ. ಐಸ್ ಮೇಲೆ ಇಟ್ಟು ಆದಷ್ಟು ಆರು ಗಂಟೆಯೊಳಗೆ ಮುಟ್ಟಿಸಿ. 100 ಮಿಲಿಲೀಟರಿನಲ್ಲಿ ಮಲದಿಂದ ಸೇರುವ ಇ ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಇದ್ದರೂ ಅದು ಕುಡಿಯುವ ನೀರಲ್ಲ.

ಹೊಸನಗರ ತೋಟದ ಮನೆ
ನಮ್ಮದು ಬೋರು. ಎತ್ತಿದಾಗ ತಿಳಿ, ಬಕೆಟ್‌ನಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪು. ಚಾ ಕಪ್ಪಾಗುತ್ತದೆ. ಇದೂ ಮಣ್ಣೇನಾ?

ಹಳೇ ಲ್ಯಾಬಿನವ
ಅಲ್ಲ, ಕಬ್ಬಿಣ. ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ, ಚಹಾದ ಒಗರಿಗೆ ಸೇರಿ ಕಪ್ಪಾಗುತ್ತದೆ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಕೇಳಿ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ಅದರ ತರಬೇತಿ ಕೊಡುತ್ತಾರೆ. ಸರಿಯಾದ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬಿಗೆ ಕೊಡಿ. ಕಬ್ಬಿಣದ ಟೆಸ್ಟಿಗೆ ಹಿಡಿಯುತ್ತಿದ್ದೀರಿ ಎಂದು ಮೊದಲೇ ಹೇಳಿ, ಆ ಬಾಟಲಿಗೆ ಆಸಿಡ್ ಹಾಕಿಕೊಡಬೇಕಾಗುತ್ತದೆ.